ತಮ್ಮನಿಗೆ ಕಷಾಯ ಯಾಕೆ ಬೇಡ ಅಂದೆ

ಮೊನ್ನೆ ದೊಡ್ಡಮ್ಮ ಒಂದು ಬಾಟಲಿ ಅಮೃತಬಳ್ಳಿ ಕಷಾಯ ತಂದಿದ್ದರು. "ತಮ್ಮನಿಗೆ ದಿನಾ ಅರ್ಧ ಲೋಟ ಕೊಡು, ರೋಗನಿರೋಧಕ ಶಕ್ತಿ ಜಾಸ್ತಿ ಆಗುತ್ತೆ" ಅಂದರು. ಪ್ರೀತಿಯಿಂದಲೇ ತಂದಿದ್ದು. ಆದರೆ ತಮ್ಮನಿಗೆ ಅಮ್ಮನ ಕಿಡ್ನಿ ಹಾಕಿ ಎರಡು ವರ್ಷವಾಯಿತು. ಅವನಿಗೆ ಜಾಸ್ತಿ ಆಗಬಾರದ್ದೇ ಆ ಶಕ್ತಿ. ಅವತ್ತು ದೊಡ್ಡಮ್ಮನ ಹತ್ತಿರ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮನ ಕಿಡ್ನಿ ಅಲ್ವಾ, ಹೊಂದಿಕೊಳ್ಳಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅಮ್ಮನ ವಂಶವಾಹಿಗಳಲ್ಲಿ (ಜೀನ್‌ಗಳಲ್ಲಿ) ಮಗನಿಗೆ ಬಂದಿರುವುದು ಅರ್ಧ ಮಾತ್ರ. ಅವನಿಗೆ ಬಾರದ ಇನ್ನರ್ಧವೂ ಆ ಕಿಡ್ನಿಯಲ್ಲಿದೆ, ಅದು ಅವನ ದೇಹಕ್ಕೆ ಹೊರಗಿನದೇ. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಕಿಡ್ನಿ ಕಸಿ ಯಶಸ್ವಿಯಾಗಿದ್ದು ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳಾಗಿದ್ದರಿಂದ.

ಹೊರಗಿನದನ್ನು ಗುರುತು ಹಿಡಿಯುವುದು ಟಿ ಕೋಶಗಳು, ಅಂದರೆ ಬಿಳಿ ರಕ್ತಕಣಗಳಲ್ಲೇ ಒಂದು ಬಗೆ. ಗುರುತು ಸಿಕ್ಕ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿನ್ಯೂರಿನ್ ಅನ್ನುವ ಕಿಣ್ವ ಏಳುತ್ತದೆ, ಅದು ಎನ್‌ಫ್ಯಾಟ್ ಅನ್ನುವ ಪ್ರೋಟೀನನ್ನು ಕೋಶದ ನಡುವಿನ ನ್ಯೂಕ್ಲಿಯಸ್‌ಗೆ ಹೋಗಲು ಬಿಡುತ್ತದೆ, ಆಮೇಲೆ ಅಲ್ಲಿಂದ ಇಂಟರ್‌ಲ್ಯೂಕಿನ್-2 ಅನ್ನುವ ಸಂದೇಶದ ಪ್ರೋಟೀನ್ ತಯಾರಾಗಲು ಶುರು. ಒಂದು ಕೋಶ ಸಾವಿರವಾಗಿ ಹೊರಗಿನ ಕಿಡ್ನಿಯ ಮೇಲೆ ಬೀಳುವುದು ಇದರ ಬಲದಿಂದ. ತಮ್ಮ ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್ ಮಾತ್ರೆ ಆ ಕ್ಯಾಲ್ಸಿನ್ಯೂರಿನ್ ಅನ್ನೇ ತಡೆಯುತ್ತದೆ. ಕೋಶವನ್ನು ಕೊಲ್ಲುವುದಿಲ್ಲ. ಕೋಶ ಕಿಡ್ನಿಯನ್ನು ನೋಡುತ್ತದೆ, ಗುರುತೂ ಹಿಡಿಯುತ್ತದೆ, ಸುದ್ದಿ ಮಾತ್ರ ಒಳಗೆ ಮುಟ್ಟುವುದಿಲ್ಲ. ಮಾತ್ರೆ ತಪ್ಪಿಸಿದರೆ ಆ ದಾರಿ ಮತ್ತೆ ತೆರೆಯುತ್ತದೆ. ಜಪಾನಿನ ತ್ಸುಕುಬಾ ಬೆಟ್ಟದ ಬುಡದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ 1984ರಲ್ಲಿ ಸಿಕ್ಕ ಔಷಧಿ ಇದು. ಒಂದು ಹಿಡಿ ಮಣ್ಣು ನಮ್ಮ ಮನೆಯನ್ನು ಉಳಿಸಿದೆ ಅಂತ ನನಗೆ ಎಷ್ಟೋ ಸಲ ಅನಿಸುತ್ತದೆ.

ಎರಡನೆಯದು ಮೈಕೋಫಿನೊಲೇಟ್. ಕೋಶ ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು. ಬೇರೆ ಕೋಶಗಳು ಹಳೆಯ ಸಾಮಾನನ್ನೇ ಮತ್ತೆ ಬಳಸಿಕೊಳ್ಳಬಲ್ಲವು, ಟಿ ಕೋಶಗಳು ಮತ್ತು ಬಿ ಕೋಶಗಳು (ಇವೂ ಬಿಳಿ ರಕ್ತಕಣಗಳೇ) ಹೆಚ್ಚಾಗಿ ಹೊಸದಾಗಿ ಮಾಡಿಕೊಳ್ಳಲೇಬೇಕು. ಈ ಮಾತ್ರೆ ಆ ದಾರಿ ಮುಚ್ಚುತ್ತದೆ. ಮೂರನೆಯದು ಪ್ರೆಡ್ನಿಸೋಲೋನ್, ಸ್ಟೀರಾಯ್ಡ್. ಮೊದಲ ತಿಂಗಳ ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ ಜಾಸ್ತಿ ಇದ್ದದ್ದು ನೋಡಿ ನಾನು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ರಕ್ತನಾಳದ ಗೋಡೆಗೆ ಅಂಟಿಕೊಂಡಿರುವ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳನ್ನು ಸ್ಟೀರಾಯ್ಡ್ ಬಿಡಿಸುತ್ತದೆ, ಹಾಗಾಗಿ ಎಣಿಕೆ ಏರುತ್ತದೆ, ಆದರೆ ಸೋಂಕಿನ ಜಾಗಕ್ಕೆ ಅವು ಹೋಗುವುದು ಕಡಿಮೆ ಅಂತ ಆಮೇಲೆ ಡಾಕ್ಟರ್ ಹೇಳಿದರು.

ಈ ಮಾತ್ರೆಗಳಿಗೆ ಕಿಡ್ನಿ ಯಾವುದು, ವೈರಸ್ ಯಾವುದು ಅಂತ ಗೊತ್ತಾಗುವುದಿಲ್ಲ. ಏಳನೇ ತಿಂಗಳಲ್ಲಿ ತಮ್ಮನಿಗೆ ಸರ್ಪಸುತ್ತು ಬಂತು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರಗಳಲ್ಲಿ ಅಡಗಿ ಕೂತಿರುತ್ತದೆ, ಅದನ್ನು ಅಲ್ಲೇ ಹಿಡಿದಿಟ್ಟಿರುವುದು ಇದೇ ಟಿ ಕೋಶಗಳು. ಜ್ವರವೂ ಸರಿಯಾಗಿ ಏರುವುದಿಲ್ಲ, ಅದಕ್ಕೇ ಸ್ವಲ್ಪ ಮೈ ಬಿಸಿಯಾದರೂ ನಾವು ಡಾಕ್ಟರಿಗೆ ಫೋನ್ ಮಾಡುತ್ತೇವೆ.

ದೇವನಹಳ್ಳಿ ಚಕ್ಕೋತ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಈಗ ತರುವುದಿಲ್ಲ. ಟ್ಯಾಕ್ರೋಲಿಮಸ್ ಅನ್ನು ಕರಗಿಸಿ ಹೊರಹಾಕುವ ಕರುಳಿನ ಕಿಣ್ವವನ್ನು ಆ ಹಣ್ಣು ತಡೆಯುತ್ತದೆ, ರಕ್ತದಲ್ಲಿ ಔಷಧಿ ಏರಿ ಕಿಡ್ನಿಗೇ ಪೆಟ್ಟು ಬೀಳಬಹುದು. ಬೆಳಗಿನ ಮಾತ್ರೆಗೆ ಮೊದಲೇ ರಕ್ತ ಕೊಟ್ಟು ಮಟ್ಟ ನೋಡಿಸುವುದು ಇದಕ್ಕೇ: ಕಡಿಮೆಯಾದರೆ ಕೋಶಗಳು ಎದ್ದು ನಿಲ್ಲುತ್ತವೆ, ಜಾಸ್ತಿಯಾದರೆ ಕಿಡ್ನಿ ಬಳಲುತ್ತದೆ. ಇಂಥ ಇಕ್ಕಟ್ಟಿನ ನಡುವೆ, ಕೋಶಗಳನ್ನು ಹುರಿದುಂಬಿಸಲೆಂದೇ ಕುಡಿಯುವ ಕಷಾಯವನ್ನು ಹೇಗೆ ಕೊಡಲಿ?

ದೊಡ್ಡಮ್ಮ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. ಈ ಮಾತ್ರೆ ಇನ್ನೂ ಎಷ್ಟು ದಿನ ಅಂತ ಕೇಳಿದರು. ಆ ಕಿಡ್ನಿ ಕೆಲಸ ಮಾಡುವಷ್ಟು ದಿನವೂ ಅಂದೆ.