ಹೋಟೆಲಿನ ಗಂಜಿನೀರು, ಮನೆಯ ಕಾಚೊ ಎ ಪೇಪೆ

ಕಾಚೊ ಎ ಪೇಪೆ ರೋಮ್‌ನ ಪಾಸ್ತಾ ತಿನಿಸು. ಇದಕ್ಕೆ ಬೇಕಾದ್ದು ಮೂರೇ ಸಾಮಾನು: ಪಾಸ್ತಾ, ಪೆಕೊರೀನೊ ರೊಮಾನೊ ಚೀಸ್, ಕಾಳುಮೆಣಸು. ಬೆಣ್ಣೆ ಇಲ್ಲ, ಕ್ರೀಮ್ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ರೋಮ್‌ನ ಕಡೆ ಕಾಚೊ ಅಂದರೆ ಚೀಸ್, ಪೇಪೆ ಅಂದರೆ ಮೆಣಸು, ಹೆಸರಲ್ಲೇ ಅಡುಗೆ ಮುಗಿಯಿತು. ಆದರೆ ಮನೆಯಲ್ಲಿ ಮೊದಲ ಸಲ ಮಾಡಿದವರ ತಟ್ಟೆ ಸಾಮಾನ್ಯವಾಗಿ ಹೀಗಿರುತ್ತದೆ: ಅಡಿಯಲ್ಲಿ ತೆಳ್ಳನೆ ಬಿಳಿ ನೀರು, ಚಮಚಕ್ಕೆ ಕಚ್ಚಿಕೊಂಡ ರಬ್ಬರಿನಂಥ ಚೀಸ್ ಉಂಡೆ, ನಡುವೆ ಬೋಳು ಸ್ಪಗೆಟ್ಟಿ. ಹೋಟೆಲಿನಲ್ಲಿ ಎಳೆ ಎಳೆಗೂ ಹತ್ತಿಕೊಂಡು ಬರುವ ಆ ನುಣುಪು ಸಾಸ್ ಮನೆಯಲ್ಲಿ ಯಾಕೆ ಒಡೆಯುತ್ತದೆ?

ರೋಮ್‌ನ ತೆಸ್ತಾಚ್ಚೊ ಬಡಾವಣೆಯಲ್ಲಿ 1936ರಿಂದ ನಡೆಯುತ್ತಿರುವ ಫೆಲಿಚೆ ಎಂಬ ಹೋಟೆಲು ಈ ತಿನಿಸಿಗೆ ಹೆಸರುವಾಸಿ. ಅಲ್ಲಿ ಬಿಸಿ ಪಾಸ್ತಾ ಚೀಸ್ ಸಮೇತ ಮೇಜಿಗೇ ಬರುತ್ತದೆ. ಬಡಿಸುವವರು ಎದುರಲ್ಲೇ ನಿಂತು ಫೋರ್ಕು, ಚಮಚ ಹಿಡಿದು ಬಿರಬಿರನೆ ಕಲಸಿ ಕೊಡುತ್ತಾರೆ. ನೋಡುವವರಿಗೆ ಅದು ಚಂದದ ಪ್ರದರ್ಶನ. ಅಡುಗೆ ಮಾಡುವವರು ಗಮನಿಸಬೇಕಾದ್ದು ಬೇರೆ: ಮೇಜಿನ ಮೇಲೆ ಒಲೆ ಇಲ್ಲ. ಚೀಸಿಗೂ ಬೆಂಕಿಗೂ ಅಲ್ಲಿ ಭೇಟಿಯೇ ಆಗುವುದಿಲ್ಲ.

ಎರಡನೆಯ ಗುಟ್ಟು ಅಡುಗೆಮನೆಯ ಒಳಗಿದೆ. ಹೋಟೆಲಿನಲ್ಲಿ ಒಂದೇ ಹಂಡೆ ನೀರಿನಲ್ಲಿ ಒಂದಾದ ಮೇಲೊಂದರಂತೆ ಪಾಸ್ತಾ ಬೇಯುತ್ತಲೇ ಇರುತ್ತದೆ. ಹೊತ್ತು ಕಳೆದಂತೆ ಆ ನೀರು ಅನ್ನ ಬಸಿದ ಗಂಜಿಯ ಹಾಗೆ ಮಂದವಾಗುತ್ತದೆ. ಮನೆಯಲ್ಲಿ ನಾವು ನಾಲ್ಕು ಲೀಟರ್ ನೀರಿಗೆ 200 ಗ್ರಾಂ ಪಾಸ್ತಾ ಹಾಕಿ, ಅದರಿಂದ ಒಂದು ಸೌಟು ತೆಗೆದು ‘ಪಾಸ್ತಾ ನೀರು’ ಅಂದುಕೊಳ್ಳುತ್ತೇವೆ. ಅದರಲ್ಲಿ ಗಂಜಿ, ಅಂದರೆ ಪಾಸ್ತಾ ಬಿಟ್ಟ ಪಿಷ್ಟ (ಸ್ಟಾರ್ಚ್), ಇರುವುದು ಲೆಕ್ಕಕ್ಕೇ ಸಿಗದಷ್ಟು.

ಗಂಜಿಯ ಕೆಲಸ ಏನು ಅನ್ನುವುದು ಮಜ್ಜಿಗೆ ಹುಳಿ ಮಾಡುವವರಿಗೆ ಗೊತ್ತೇ ಇದೆ. ಕಾಯಿಯ ಜೊತೆ ನೆನೆಸಿದ ಕಡಲೆಬೇಳೆಯನ್ನೋ ಒಂದು ಚಮಚ ಅಕ್ಕಿಯನ್ನೋ ರುಬ್ಬಿ ಹಾಕುತ್ತೇವಲ್ಲ, ಅದು ಬರೀ ರುಚಿಗಲ್ಲ. ಬಿಸಿಗೆ ಮೊಸರಿನ ಪ್ರೋಟೀನ್ ಒಂದನ್ನೊಂದು ಹಿಡಿದುಕೊಂಡು ಒಡೆಯದ ಹಾಗೆ ಆ ಹಿಟ್ಟು ನಡುವೆ ನಿಲ್ಲುತ್ತದೆ. ಮಜ್ಜಿಗೆ ಹಾಕಿದ ಮೇಲೆ ಮರಳಿಸಬೇಡ ಅನ್ನುವುದೂ ಅದೇ ಕಾರಣಕ್ಕೆ. ಚೀಸಿನದೂ ಇದೇ ಕಥೆ. ಸುಮಾರು 65 ಡಿಗ್ರಿ ದಾಟಿತೆಂದರೆ ಅದರ ಪ್ರೋಟೀನುಗಳು ಗುಂಪುಗೂಡಿ ಎಳೆ ಎಳೆಯಾಗುತ್ತವೆ, ಕೊಬ್ಬು ಮತ್ತು ನೀರು ಬೇರೆಯಾಗಿ ನಿಲ್ಲುತ್ತವೆ. ಮಧ್ಯೆ ಸಾಕಷ್ಟು ಬೆಂದ ಗಂಜಿ ಇದ್ದರೆ ಗುಂಪುಗೂಡಲು ಜಾಗ ಸಿಗುವುದಿಲ್ಲ.

ಸಾಕಷ್ಟು ಅಂದರೆ ಎಷ್ಟು? ಇದನ್ನು ಇಟಲಿಯ ಭೌತವಿಜ್ಞಾನಿಗಳ ಒಂದು ತಂಡ ಪ್ರಯೋಗ ಮಾಡಿ ಅಳೆದು, 2025ರಲ್ಲಿ ಪ್ರಕಟಿಸಿತು. ಅದೇ ವರ್ಷ ಅವರಿಗೆ ಭೌತಶಾಸ್ತ್ರದ ಇಗ್ ನೊಬೆಲ್ ಕೂಡ ಬಂತು. ನಗು ಬರಿಸುವ ಬಹುಮಾನವಾದರೂ ಅಡುಗೆಗೆ ಬೇಕಾದ ಲೆಕ್ಕ ಪಕ್ಕಾ ಇದೆ. ಚೀಸಿನ ತೂಕದ ಶೇ. 1ಕ್ಕಿಂತ ಕಡಿಮೆ ಪಿಷ್ಟ ಇದ್ದರೆ ಉಂಡೆ ಕಟ್ಟುತ್ತದೆ. ಶೇ. 2ರಿಂದ 3 ಇದ್ದರೆ ನುಣುಪಾಗಿ ನಿಲ್ಲುತ್ತದೆ. ಶೇ. 4 ದಾಟಿದರೆ ಆರಿದ ಮೇಲೆ ಅಂಟಿನಂತೆ ಗಟ್ಟಿ. ಹಾಗಾಗಿ ಪಾಸ್ತಾ ನೀರನ್ನು ನಂಬಿ ಕೂರುವ ಬದಲು ಕಾರ್ನ್ ಫ್ಲೋರ್, ಅಂದರೆ ಮೆಕ್ಕೆಜೋಳದ ಪಿಷ್ಟ, ತೂಗಿ ಹಾಕುವುದೇ ಮನೆಗೆ ಸರಿಯಾದ ದಾರಿ. ರೋಮ್‌ನವರು ಮೂಗು ಮುರಿಯಬಹುದು, ಮುರಿಯಲಿ. ಅವರಿಗೆ ಕೈಯಲ್ಲಿ ಅಭ್ಯಾಸವಿದೆ, ಹಂಡೆಯಲ್ಲಿ ಗಂಜಿಯಿದೆ.

ಇನ್ನು ಸಾಮಾನು. ಇಬ್ಬರಿಗೆ ಹೊಟ್ಟೆ ತುಂಬ ಆಗುವ ಅಳತೆ: ಸ್ಪಗೆಟ್ಟಿ 200 ಗ್ರಾಂ, ಪೆಕೊರೀನೊ 130 ಗ್ರಾಂ, ಕಾಳುಮೆಣಸು ಎರಡು ಟೀ ಚಮಚ, ಕಾರ್ನ್ ಫ್ಲೋರ್ 3 ಗ್ರಾಂ ಅಂದರೆ ತಲೆ ಸವರಿದ ಒಂದು ಟೀ ಚಮಚ. ಚೀಸನ್ನು ಮಾತ್ರ ತೂಕ ಮಾಡಿಯೇ ಹಾಕಿ. ನುಣ್ಣಗೆ ತುರಿದ ಚೀಸು ಹತ್ತಿಯ ಹಾಗೆ ಅರಳಿಕೊಂಡಿರುತ್ತದೆ, ಕಪ್ಪಿನಲ್ಲಿ ಅಳೆದರೆ ಅರ್ಧಕ್ಕರ್ಧ ಮೋಸ.

ಪೆಕೊರೀನೊ ರೊಮಾನೊ ಕುರಿ ಹಾಲಿನ ಚೀಸು. ಹೆಸರಲ್ಲಿ ರೋಮ್ ಇದ್ದರೂ ಹೆಚ್ಚಿನದು ತಯಾರಾಗುವುದು ಸಾರ್ಡೀನಿಯಾ ದ್ವೀಪದಲ್ಲಿ. ಉಪ್ಪು ಜಾಸ್ತಿ, ಘಾಟೂ ಜಾಸ್ತಿ. ಬೆಂಗಳೂರಿನಲ್ಲಿ ಆಮದು ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಕಡಿಮೆಯೇನಲ್ಲ. ಇಡೀ ತುಂಡು ಕೊಳ್ಳಿ. ತುರಿದು ಡಬ್ಬಿಯಲ್ಲಿ ತುಂಬಿಟ್ಟದ್ದು ಬೇಡ. ಅಂಟಿಕೊಳ್ಳದಿರಲೆಂದು ಅದಕ್ಕೆ ಸೆಲ್ಯುಲೋಸ್ ಪುಡಿ ಬೆರೆಸಿರುತ್ತಾರೆ, ಸಾಸ್ ತರಿತರಿಯಾಗುತ್ತದೆ. ಘಾಟು ಅತಿಯಾಯಿತು ಅನ್ನುವವರು 90 ಗ್ರಾಂ ಪೆಕೊರೀನೊಗೆ 40 ಗ್ರಾಂ ಪಾರ್ಮೆಸಾನ್ ಸೇರಿಸಬಹುದು.

ಸಸ್ಯಾಹಾರಿಗಳು ಇಲ್ಲೊಂದು ಮಾತು ಗಮನಿಸಬೇಕು. ಪೆಕೊರೀನೊ ರೊಮಾನೊಗೆ ಹಾಲು ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪಾರ್ಮೆಸಾನ್‌ಗೆ ಕರುವಿನದು. ‘ಪಾಸ್ತಾ ತಾನೇ, ವೆಜ್ಜು’ ಅಂದುಕೊಂಡು ತಿನ್ನುವವರಿಗೆ ಇದು ಗೊತ್ತಿರುವುದಿಲ್ಲ. ಬೇಡವೆನ್ನುವವರು ಹಸಿರು ಚುಕ್ಕೆ ಇರುವ, ಪೊಟ್ಟಣದ ಮೇಲೆ ಮೈಕ್ರೋಬಿಯಲ್ ರೆನೆಟ್ ಎಂದು ಬರೆದಿರುವ ಹಳೆಮಾಗಿದ ಗಟ್ಟಿ ಚೀಸ್ ಹುಡುಕಿ. ರುಚಿ ಸ್ವಲ್ಪ ಬೇರೆ, ವಿಧಾನ ಇದೇ. ಪ್ರೊಸೆಸ್ಡ್ ಚೀಸ್ ಕ್ಯೂಬ್ ಹಾಕಿದರೆ ಎಂದೂ ಒಡೆಯುವುದಿಲ್ಲ, ಅದರಲ್ಲಿ ಒಡೆಯದಂತೆ ತಡೆಯುವ ಲವಣಗಳನ್ನು ಮೊದಲೇ ಸೇರಿಸಿರುತ್ತಾರೆ. ಆದರೆ ಆಗ ಅದು ಕಾಚೊ ಎ ಪೇಪೆಯಲ್ಲ, ಮಕ್ಕಳ ಟಿಫನ್ ಡಬ್ಬಿಯ ಪಾಸ್ತಾ.

ಮೆಣಸಿನ ವಿಷಯದಲ್ಲಿ ಮಾತ್ರ ನಾವು ರೋಮ್‌ನವರಿಗಿಂತ ಒಂದು ಕೈ ಮೇಲೆ. ಕ್ರಿ.ಶ. ಒಂದನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಡೊಮಿಷಿಯನ್ ರೋಮ್ ನಗರದ ನಡುವೆ ಮೆಣಸು, ಸಾಂಬಾರ ಪದಾರ್ಥಗಳಿಗೆಂದೇ ಗೋದಾಮು ಕಟ್ಟಿಸಿದ್ದ. ಆ ಮೆಣಸು ಹಡಗೇರಿದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮರಕ್ಕೆ ಹಬ್ಬಿದ ಬಳ್ಳಿಯ ಈ ವರ್ಷದ ಕಾಳು ಸಿಕ್ಕರೆ ಅದನ್ನೇ ಬಳಸಿ. ಪುಡಿ ಪೊಟ್ಟಣದಲ್ಲಿ ಖಾರ ಉಳಿದಿರುತ್ತದೆ, ಪರಿಮಳ ಹಾರಿಹೋಗಿರುತ್ತದೆ.

ಪಾಸ್ತಾ ಪೊಟ್ಟಣದ ಹಿಂಭಾಗ ಓದಿ. ಡ್ಯೂರಮ್ ಗೋಧಿಯ ರವೆ ಎಂದಿರಬೇಕು. ನಮ್ಮ ಬನ್ಸಿ ರವೆಯ ಗೋಧಿಯೂ ಇದೇ ಜಾತಿ. ಮೈದಾ ಬೆರೆತದ್ದು ಬೇಗ ಮೆತ್ತಗಾಗುತ್ತದೆ. ಎಳೆಯ ಮೈ ಹೊಳಪಿಲ್ಲದೆ, ಹಿಟ್ಟು ಸವರಿದಂತೆ ಒರಟಾಗಿದ್ದರೆ ಒಳ್ಳೆಯದು. ಸಾಸ್ ಹಿಡಿದುಕೊಳ್ಳುವುದು ಆ ಒರಟಿಗೇ. ರೋಮ್‌ನಲ್ಲಿ ತೊನ್ನರೆಲ್ಲಿ ಎಂಬ ಚೌಕಮೈಯ ಹಸಿ ಪಾಸ್ತಾ ಬಳಸುವುದೂ ಉಂಟು. ಸ್ಪಗೆಟ್ಟಿಯಲ್ಲಿ ಏನೂ ಕೊರತೆಯಿಲ್ಲ.

ಶುರು ಮಾಡುವುದು ಗಂಜಿಯಿಂದ. 3 ಗ್ರಾಂ ಕಾರ್ನ್ ಫ್ಲೋರನ್ನು 35 ಮಿ.ಲೀ. ತಣ್ಣೀರಲ್ಲಿ ಕದಡಿ. ರಾಗಿ ಅಂಬಲಿಗೆ ಹಿಟ್ಟು ಕದಡುತ್ತೇವಲ್ಲ, ಹಾಗೆ, ಬಿಸಿನೀರಿಗೆ ನೇರವಾಗಿ ಹಾಕಿದರೆ ಗಂಟು. ಸಣ್ಣ ಉರಿಯಲ್ಲಿ ಕಲಕುತ್ತಿದ್ದರೆ ಅರ್ಧ ನಿಮಿಷದಲ್ಲಿ ಹಾಲುಬಿಳುಪು ಹೋಗಿ ಸ್ವಲ್ಪ ಪಾರದರ್ಶಕವಾಗಿ, ಅಂಟಿನ ಹದಕ್ಕೆ ಬರುತ್ತದೆ. ಈ ಹೆಜ್ಜೆ ಬಿಡುವಂತಿಲ್ಲ. ಹಸಿ ಹಿಟ್ಟನ್ನು ಚೀಸಿಗೇ ಬೆರೆಸಿದರೆ ಸಾಸ್ ಅಷ್ಟು ಬಿಸಿಯಾಗುವುದೇ ಇಲ್ಲ, ಹಿಟ್ಟು ಬೇಯದೆ ಬಾಯಿಗೆ ಸಿಗುತ್ತದೆ, ತಡೆಯುವ ಕೆಲಸವನ್ನೂ ಮಾಡುವುದಿಲ್ಲ. ಬೆಂದ ಗಂಜಿಗೆ 65 ಮಿ.ಲೀ. ತಣ್ಣೀರು ಸೇರಿಸಿ ಉಗುರುಬೆಚ್ಚಗೆ ಇಳಿಸಿ.

ಚೀಸನ್ನು ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಗಿಡಿ. ತುರಿಮಣೆಯ ಅತಿ ಸಣ್ಣ ಕಣ್ಣಲ್ಲಿ ತುರಿಯಿರಿ, ಇಲ್ಲವೇ ಸಣ್ಣ ತುಂಡು ಮಾಡಿ ಮಿಕ್ಸಿಯ ಚಟ್ನಿ ಜಾರಿಗೆ ಹಾಕಿ ಬಿಟ್ಟುಬಿಟ್ಟು ನಾಲ್ಕೈದು ಸಲ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಜಾರು ಬಿಸಿಯಾಗಿ ಚೀಸು ಜಿಡ್ಡು ಬಿಡುತ್ತದೆ. ಅದಕ್ಕೇ ಆರಿದ ಗಂಜಿ ಹಾಕಿ ಮತ್ತೆರಡು ಸುತ್ತು ಕೊಟ್ಟರೆ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾದ, ಬೆಣ್ಣೆಯಂಥ ಮಿಶ್ರಣ ಸಿಗುತ್ತದೆ. ಇದು ಒಂದು ಗಂಟೆ ಹೊರಗಿದ್ದರೂ ಏನೂ ಆಗುವುದಿಲ್ಲ. ನೆಂಟರು ಬರುವ ದಿನಕ್ಕೆ ಇದೇ ದೊಡ್ಡ ಅನುಕೂಲ.

ಕಾಳುಮೆಣಸನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ. ಘಮ ಬಂದ ತಕ್ಷಣ ಇಳಿಸಿ, ಹೊಗೆಯಾಡಿದರೆ ಕಹಿ. ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ: ಒಂದು ಕಾಳು ನಾಲ್ಕೈದು ಚೂರಾದರೆ ಸಾಕು. ನುಣ್ಣಗಾದರೆ ಸಾಸ್ ಬೂದುಬಣ್ಣಕ್ಕೆ ತಿರುಗುತ್ತದೆ, ಖಾರ ಗಂಟಲಿಗೆ ಹೊಡೆಯುತ್ತದೆ, ಹಲ್ಲಿಗೆ ಸಿಕ್ಕಿ ಸಿಡಿಯುವ ಸುಖ ಮಾತ್ರ ಇರುವುದಿಲ್ಲ. ಮೂರರಲ್ಲಿ ಎರಡು ಪಾಲು ಅಗಲ ಬಾಣಲೆಗೆ, ಉಳಿದದ್ದು ಮೇಲಿಂದ ಉದುರಿಸಲು.

ಪಾಸ್ತಾಕ್ಕೆ ಒಂದೂವರೆ ಲೀಟರ್ ನೀರು, ಒಂದು ಟೀ ಚಮಚ ಉಪ್ಪು, ಅಷ್ಟೇ. ‘ಸಮುದ್ರದ ನೀರಿನಷ್ಟು ಉಪ್ಪಿರಲಿ’ ಎಂಬ ಮಾತು ಈ ಅಡುಗೆಗೆ ಹೊಂದುವುದಿಲ್ಲ. ಚೀಸಿನಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಉಪ್ಪಿದೆ, ಮೇಲಾಗಿ ಇದೇ ನೀರು ಸಾಸ್ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಪೊಟ್ಟಣದ ಮೇಲಿನ ಹೊತ್ತಿಗೆ ಒಂದು ನಿಮಿಷ ಸೇರಿಸಿಕೊಳ್ಳಿ. ಮಂಗಳೂರಿನವರಿಗೆ ಈ ಲೆಕ್ಕ ಬೇಡ.

ಪಾಸ್ತಾ ಬೇಯಲು ಇನ್ನೆರಡು ನಿಮಿಷ ಇದೆ ಅನ್ನುವಾಗ ಬಾಣಲೆಯ ಮೆಣಸಿಗೆ ಎರಡು ಸೌಟು ಪಾಸ್ತಾ ನೀರು ಹಾಕಿ ಕುದಿಸಿ, ಪಾಸ್ತಾವನ್ನು ಬಸಿಯದೆ ಇಕ್ಕಳದಲ್ಲಿ ಎತ್ತಿ ಅದಕ್ಕೇ ಹಾಕಿ. ಅಲ್ಲೇ ತಿರುವುತ್ತಾ ಉಳಿದೆರಡು ನಿಮಿಷ ಬೇಯಲಿ. ಪಾಸ್ತಾ ಮೆಣಸಿನ ಸಾರನ್ನು ಹೀರಿಕೊಳ್ಳುತ್ತದೆ, ಮೈಯಿಂದ ಇನ್ನಷ್ಟು ಗಂಜಿ ಬಿಡುತ್ತದೆ. ಬಾಣಲೆಯ ತಳದಲ್ಲಿ ನಾಲ್ಕೈದು ಚಮಚ ನೀರು ಉಳಿದಾಗ ಒಲೆ ಆರಿಸಿ.

ಈಗ ಕೈಕಟ್ಟಿ ನಿಲ್ಲುವುದೇ ಕೆಲಸ. ಆರಿಸಿದರಷ್ಟೇ ಸಾಲದು, ಬಾಣಲೆಯನ್ನು ಬರ್ನರಿನಿಂದ ಕೆಳಗಿಳಿಸಿ, ಒಂದೆರಡು ಸಲ ಪಾಸ್ತಾ ಎತ್ತಿ ಹಾಕಿ ಒಂದೂವರೆ ನಿಮಿಷ ಆರಗೊಡಿ. ದಪ್ಪ ಕಬ್ಬಿಣದ ಬಾಣಲೆಯಾದರೆ ಬಿಸಿ ಬೇಗ ಇಳಿಯುವುದಿಲ್ಲ, ಪಾಸ್ತಾವನ್ನು ಬೇರೆ ಪಾತ್ರೆಗೆ ಹಾಕಿಯೇ ಕಲಸಿ. ಬುಸುಬುಸು ಹಬೆ ನಿಂತು ತೆಳ್ಳಗೆ ಆಡುತ್ತಿರುವಾಗ ಚೀಸ್ ಮಿಶ್ರಣ ಸುರಿದು ಬೇಗ ಬೇಗ ಕಲಸಿ. ಎಳೆಗಳನ್ನು ಎತ್ತಿ ಬಿಡುವಾಗ ಸಾಸ್ ಜೊತೆಗೇ ಏಳಬೇಕು, ತಟ್ಟೆ ಓರೆ ಮಾಡಿದರೆ ನಿಧಾನಕ್ಕೆ ಹರಿಯಬೇಕು. ಗಟ್ಟಿ ಅನಿಸಿದರೆ ಪಾಸ್ತಾ ನೀರು ಒಂದೊಂದೇ ಚಮಚ. ತಟ್ಟೆಗೆ ಹಾಕುವಾಗ ತಿನ್ನುವ ಹದಕ್ಕಿಂತ ಸ್ವಲ್ಪ ಸಡಿಲವೇ ಇರಲಿ, ಮೇಜಿಗೆ ಬರುವಷ್ಟರಲ್ಲಿ ಬಿಗಿಯಾಗುತ್ತದೆ. ತಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಬೆಚ್ಚಗಿಟ್ಟಿದ್ದರೆ ಇನ್ನೂ ಒಳ್ಳೆಯದು.

ಕೆಟ್ಟರೆ ಏನು ಮಾಡುವುದು? ಸಾಸ್ ಗಟ್ಟಿಯಾಗಿ ಅಂಟಂಟಾದರೆ ಭಯವಿಲ್ಲ, ಬಿಸಿನೀರು ಒಂದು ಚಮಚ ಸಾಕು. ಸ್ವಲ್ಪ ತರಿತರಿ ಅನ್ನಿಸಿದರೆ ತುರಿ ದಪ್ಪವಾಗಿತ್ತು ಎಂದರ್ಥ, ಬೆಚ್ಚಗಿರುವಾಗಲೇ ಇನ್ನೊಂದು ನಿಮಿಷ ಕಲಸಿದರೆ ಬಹುಪಾಲು ಕರಗುತ್ತದೆ. ನಿಜವಾಗಿ ಒಡೆದು ರಬ್ಬರ್ ಉಂಡೆ ಆದರೆ ಎಷ್ಟು ಕಲಸಿದರೂ ಅದು ಹಿಂದಿರುಗುವುದಿಲ್ಲ, ಒಲೆಯ ಮೇಲಿಟ್ಟರಂತೂ ಇನ್ನೂ ಬಿಗಿಯುತ್ತದೆ. ಒಡೆದ ಸಾಸನ್ನು ಉಂಡೆ ಸಮೇತ ಮಿಕ್ಸಿಗೆ ಹಾಕಿ, ಹೊಸದಾಗಿ ಬೇಯಿಸಿದ ಎರಡು ಚಮಚ ಕಾರ್ನ್ ಫ್ಲೋರ್ ಗಂಜಿಯ ಜೊತೆ ತಿರುಗಿಸಿದರೆ ತಿನ್ನುವ ಮಟ್ಟಿಗೆ ಸರಿಹೋಗುತ್ತದೆ, ನುಣುಪು ಪೂರ್ತಿ ಬರುವುದಿಲ್ಲ. ಕ್ರೀಮ್ ಸುರಿದು ಮುಚ್ಚಿಹಾಕುವ ಅಭ್ಯಾಸ ಹಲವರಿಗಿದೆ. ಒಡೆಯುವುದಿಲ್ಲ ನಿಜ, ಆದರೆ ಮೆಣಸಿನ ಬಾಯಿ ಕಟ್ಟುತ್ತದೆ. ಆ ರುಚಿಯೇ ಇಷ್ಟವಾದರೆ ವೈಟ್ ಸಾಸ್ ಪಾಸ್ತಾ ಮಾಡಿಕೊಳ್ಳಬಹುದು. ಮೈದಾ ಇರುವುದರಿಂದ ಅದೂ ಒಡೆಯುವುದಿಲ್ಲ, ಪೆಕೊರೀನೊದ ದುಡ್ಡೂ ಉಳಿಯುತ್ತದೆ.

ಇಬ್ಬರಿಗಿಂತ ಹೆಚ್ಚು ಜನಕ್ಕೆ ಒಮ್ಮೆಗೇ ಮಾಡಬೇಡಿ. 400 ಗ್ರಾಂ ಪಾಸ್ತಾ ಮನೆಯ ಬಾಣಲೆಯಲ್ಲಿ ಸಮನಾಗಿ ಆರುವುದಿಲ್ಲ, ಮೇಲೆ ತಣ್ಣಗೆ, ನಡುವೆ ಸುಡುಸುಡು, ಆ ನಡುವಿನ ಜಾಗದಲ್ಲೇ ಚೀಸು ಉಂಡೆಯಾಗುತ್ತದೆ. ಚೀಸ್ ಮಿಶ್ರಣವನ್ನು ಒಟ್ಟಿಗೆ ಮಾಡಿಟ್ಟುಕೊಂಡು ಪಾಸ್ತಾವನ್ನು ಎರಡು ಸರದಿಯಲ್ಲಿ ಬೇಯಿಸಿ. ಎರಡನೆಯ ಸರದಿಗೂ ಅದೇ ನೀರು ಬಳಸಿ, ಅಷ್ಟರಲ್ಲಿ ಅದು ಹೋಟೆಲಿನ ಹಂಡೆಯ ನೀರಿಗೆ ಹತ್ತಿರ ಬಂದಿರುತ್ತದೆ.

ಚೀಸ್ ಹಿಡಿದ ಪಾತ್ರೆಗೆ ಬಿಸಿನೀರು ಸುರಿಯಬೇಡಿ, ಅಲ್ಲೂ ಅದೇ ರಬ್ಬರ್ ಉಂಡೆಯಾಗಿ ತೊಳೆಯುವ ನಾರಿಗೆಲ್ಲ ಮೆತ್ತಿಕೊಳ್ಳುತ್ತದೆ. ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿಟ್ಟು ಆಮೇಲೆ ತೊಳೆಯಿರಿ.