ಎರಡನೆಯ ಮಾತು

ಶುಭ ಶುಕ್ರವಾರದಂದು ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ ನಮ್ಮ ಅನೇಕ ಕನ್ನಡ ಸಭೆಗಳಲ್ಲಿ ನಡೆಯುವ ಆರಾಧನೆಗೆ ಕ್ರಿಸ್ತನು ಶಿಲುಬೆಯ ಮೇಲಿಂದ ನುಡಿದ ಏಳು ಮಾತುಗಳೇ ಆಧಾರ. ಒಂದೊಂದು ಮಾತಿಗೂ ಒಂದು ವೇದಪಾಠ, ಒಂದು ಪ್ರಸಂಗ, ಒಂದು ಕೀರ್ತನೆ, ಬಳಿಕ ಮೊಣಕಾಲೂರಿ ಮಾಡುವ ಪ್ರಾರ್ಥನೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಪೆರು ದೇಶದ ಲಿಮಾ ನಗರದಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ರೂಢಿಗೆ ತಂದ ಈ ಕ್ರಮ ಕಥೋಲಿಕರ ಎಲ್ಲೆಯನ್ನು ದಾಟಿ, ಇಂದು ದಕ್ಷಿಣ ಭಾರತ ಸಭೆಯ ದೇವಾಲಯಗಳಲ್ಲಿಯೂ ನಮ್ಮದೇ ಎಂಬಷ್ಟು ಸಹಜವಾಗಿ ನೆಲೆಸಿದೆ. ಆ ಏಳರಲ್ಲಿ ಎರಡನೆಯ ಮಾತಿನ ಪಾಠವನ್ನು ಓದುವಾಗ ನನ್ನ ಮನಸ್ಸು ಪ್ರತಿ ವರ್ಷವೂ ಹೊಸದಾಗಿ ಕಲಕಿಹೋಗುತ್ತದೆ. ಪಕ್ಕದ ಶಿಲುಬೆಯಲ್ಲಿ ತೂಗುತ್ತಿದ್ದ ದುಷ್ಕರ್ಮಿಯೊಬ್ಬನಿಗೆ ಯೇಸು, ಈ ದಿನವೇ ನೀನು ನನ್ನ ಸಂಗಡ ಪರದೈಸಿನಲ್ಲಿರುವಿ, ಅಂದರೆ ಸ್ವರ್ಗದಲ್ಲಿರುವಿ, ಎಂದು ಮಾತು ಕೊಡುತ್ತಾನೆ. ಕ್ರೈಸ್ತರು ವಿಮೋಚನೆ ಎಂದು ಕರೆಯುವುದು ಏನನ್ನು ಎಂದು ಯಾರಾದರೂ ಕೇಳಿದರೆ, ದೊಡ್ಡ ಸಿದ್ಧಾಂತಗಳಿಗಿಂತ ಮೊದಲು ನಾನು ತೋರಿಸಬಯಸುವುದು ಈ ಒಂದು ವಾಕ್ಯವನ್ನು.

ಆ ಮನುಷ್ಯನ ಹೆಸರನ್ನು ಸುವಾರ್ತೆಗಳು ಹೇಳುವುದಿಲ್ಲ. ದಿಸ್ಮಸ್ ಎಂಬ ಹೆಸರು ಮುಂದಿನ ಪರಂಪರೆ ಕೊಟ್ಟದ್ದು. ಅವನು ಮಾಡಿದ ಅಪರಾಧದ ವಿವರವೂ ನಮಗೆ ಸಿಗುವುದಿಲ್ಲ, ಆದರೆ ತನಗೆ ಆಗುತ್ತಿರುವ ಶಿಕ್ಷೆ ನ್ಯಾಯವಾದದ್ದೇ ಎಂದು ಅವನ ಬಾಯೇ ಒಪ್ಪಿಕೊಳ್ಳುತ್ತದೆ. ಮತ್ತಾಯ ಮತ್ತು ಮಾರ್ಕರ ಸುವಾರ್ತೆಗಳಲ್ಲಿ ಯೇಸುವಿನ ಸಂಗಡ ಶಿಲುಬೆಗೆ ಹಾಕಲ್ಪಟ್ಟ ಇಬ್ಬರೂ ಆತನನ್ನು ನಿಂದಿಸಿದರೆಂದೇ ಇದೆ. ಲೂಕನೊಬ್ಬನೇ ಅವರಲ್ಲಿ ಒಬ್ಬನು ತಿರುಗಿಕೊಂಡದ್ದನ್ನು ದಾಖಲಿಸುತ್ತಾನೆ. ಮೂವರ ಬರಹಗಳನ್ನೂ ಜೊತೆಗಿಟ್ಟು ಓದಿದವರಲ್ಲಿ ಹಲವರು, ಆರಂಭದಲ್ಲಿ ಇಬ್ಬರೂ ದೂಷಿಸಿ, ಆಮೇಲೆ ಒಬ್ಬನ ಮನಸ್ಸು ಬದಲಾಗಿರಬೇಕೆಂದು ಗ್ರಹಿಸಿದ್ದಾರೆ. ನನಗೂ ಅದೇ ಸರಿಯೆನಿಸುತ್ತದೆ. ಹಾಗಾದರೆ ಆ ನಡುವೆ ಏನಾಯಿತು? ಯಾವ ಅದ್ಭುತವೂ ನಡೆಯಲಿಲ್ಲ, ಯಾರೂ ಅವನಿಗೆ ಉಪದೇಶ ಮಾಡಲಿಲ್ಲ. ಲೂಕನ ವೃತ್ತಾಂತದಲ್ಲಿ ಅವನು ಕೇಳಿಸಿಕೊಂಡಿರಬಹುದಾದದ್ದು ಒಂದೇ, ತನ್ನನ್ನು ಮೊಳೆಹೊಡೆದವರಿಗಾಗಿ ಯೇಸು ಮಾಡಿದ ಪ್ರಾರ್ಥನೆ: ತಂದೆಯೇ, ಅವರಿಗೆ ಕ್ಷಮಿಸು, ತಾವು ಏನು ಮಾಡುತ್ತಿದ್ದೇವೆಂದು ಅವರಿಗೆ ತಿಳಿಯದು. ಅಂದರೆ ಅವನು ಪಶ್ಚಾತ್ತಾಪಪಡುವುದಕ್ಕೆ ಮುಂಚೆಯೇ, ಕೇಳುವುದಕ್ಕೆ ಮುಂಚೆಯೇ, ಕ್ಷಮೆಯು ಶಿಲುಬೆಗಳು ನಿಂತಿದ್ದ ಗೊಲ್ಗೊಥಾದ ಗಾಳಿಯಲ್ಲಿತ್ತು. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣ ಕೊಟ್ಟನು ಎಂದು ಪೌಲನು ಮುಂದೆ ರೋಮಾಪುರದವರಿಗೆ ಬರೆದದ್ದು ಈ ಮುಂಚಿತನವನ್ನೇ ಕುರಿತು.

ಅವನ ಬಳಿ ಏನಿತ್ತು ಎಂದು ಯೋಚಿಸಿದಾಗ ಈ ದಾನದ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. ಅವನಿಗೆ ದೀಕ್ಷಾಸ್ನಾನವಾಗಿರಲಿಲ್ಲ. ಕದ್ದವನು ಕುರಿಗೆ ನಾಲ್ಕರಷ್ಟು, ಎತ್ತಿಗೆ ಐದರಷ್ಟು ತಿರುಗಿ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಅವನಿಂದ ಒಂದರಷ್ಟನ್ನೂ ಕೊಡಲಾಗುತ್ತಿರಲಿಲ್ಲ. ದೇವಾಲಯಕ್ಕೆ ಹೋಗಿ ಯಜ್ಞವನ್ನರ್ಪಿಸುವ ಕಾಲ ಮುಗಿದಿತ್ತು, ನೋಯಿಸಿದವರ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳುವ ದಾರಿ ಮುಚ್ಚಿತ್ತು, ಕೈಮುಗಿಯೋಣವೆಂದರೆ ಆ ಕೈಗಳೂ ಮರಕ್ಕೆ ಸೇರಿಹೋಗಿದ್ದವು. ಇಷ್ಟು ಬರಿದಾಗಿದ್ದವನು, ನಿನ್ನ ರಾಜ್ಯವನ್ನು ಪಡೆದು ಬರುವಾಗ ನನ್ನನ್ನು ನೆನಸಿಕೋ ಎಂದನೇ ಹೊರತು ಅದಕ್ಕಿಂತ ಹೆಚ್ಚೇನನ್ನೂ ಬೇಡುವ ಧೈರ್ಯ ಮಾಡಲಿಲ್ಲ. ಎಂದೋ ಒಂದು ದಿನ, ದೂರದಲ್ಲೆಲ್ಲೋ, ಒಂದು ನೆನಪು ಸಾಕೆಂದು ಬೇಡಿದವನಿಗೆ ಈ ದಿನವೇ, ನನ್ನ ಸಂಗಡವೇ ಎಂಬ ಉತ್ತರ ಬಂತು. ಬೇಡಿದ್ದಕ್ಕೂ ಕೊಟ್ಟದ್ದಕ್ಕೂ ನಡುವೆ ಇರುವ ಈ ಅಂತರವನ್ನು ಅವನ ಯೋಗ್ಯತೆಯಿಂದ ತುಂಬಿಸಲು ಸಾಧ್ಯವೇ ಇಲ್ಲ. ಕೊಟ್ಟವನ ಮನಸ್ಸಿನಿಂದ ಮಾತ್ರ ಅದು ತುಂಬುತ್ತದೆ.

ಆದರೆ ಯೋಗ್ಯತೆಯಿಲ್ಲದವನಿಗೆ ಪುಕ್ಕಟೆಯಾಗಿ ಸಿಕ್ಕಿತು ಎಂದ ಮಾತ್ರಕ್ಕೆ ಅದಕ್ಕೆ ಬೆಲೆಯೇ ಇರಲಿಲ್ಲವೆಂದು ತಿಳಿಯಬಾರದು. ಈ ವಿಷಯದಲ್ಲಿ ನನಗೆ ಬಹಳ ಬೆಳಕು ಕೊಟ್ಟದ್ದು ಬೈಬಲಿನ ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ. ಇಸ್ರಾಯೇಲ್ಯನೊಬ್ಬನು ಬಡತನದಿಂದ ತನ್ನನ್ನೇ ಮಾರಿಕೊಂಡು ಪರದೇಶಿಯ ಮನೆಯಲ್ಲಿ ಆಳಾದರೆ, ಅವನ ಅಣ್ಣತಮ್ಮಂದಿರಾಗಲಿ, ಚಿಕ್ಕಪ್ಪ ದೊಡ್ಡಪ್ಪಂದಿರಾಗಲಿ, ಅವರ ಮಕ್ಕಳಾಗಲಿ, ಬೇರೆ ಹತ್ತಿರದ ರಕ್ತಸಂಬಂಧಿಯಾಗಲಿ ಹಣ ತೆತ್ತು ಅವನನ್ನು ಬಿಡಿಸಬಹುದಿತ್ತು. ಆಳುಗಳಿಗೆ ಬಿಡುಗಡೆಯಾಗುವ ಐವತ್ತನೆಯ ವರ್ಷವಾದ ಮುಂದಿನ ಜೂಬಿಲಿ ಸಂವತ್ಸರದವರೆಗೆ ಎಷ್ಟು ವರ್ಷ ಉಳಿದಿದೆಯೆಂದು ಎಣಿಸಿ ಆ ಬೆಲೆಯನ್ನು ಗೊತ್ತುಮಾಡುತ್ತಿದ್ದರು. ಆಳಾದವನ ಕೈಗೆ ಹಣ ಬಂದರೆ ತನ್ನನ್ನು ತಾನೇ ಬಿಡಿಸಿಕೊಳ್ಳುವ ಅವಕಾಶವೂ ಅಲ್ಲಿತ್ತು; ಆದರೆ ಬರಿಗೈಯವನ ಆಸೆಯೆಲ್ಲ ಬಂಧುವಿನ ಮೇಲೆಯೇ. ರೂತಳ ಚರಿತ್ರೆಯಲ್ಲಿ ಬೋವಜನು ಬೇತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು ಇಂಥದೇ ಬಂಧುವಿನ ಕರ್ತವ್ಯವನ್ನು ಪೂರೈಸುತ್ತಾನೆ. ಅವನಿಗಿಂತ ಹತ್ತಿರದ ಬಂಧು ಒಬ್ಬನಿದ್ದನು. ತನ್ನ ಸ್ವಾಸ್ತ್ಯಕ್ಕೆ ನಷ್ಟವಾದೀತೆಂದು ಅವನು ಹಿಂಜರಿದನು. ನಷ್ಟವನ್ನು ಹೊರಲು ಒಪ್ಪಿದವನೇ ಬಿಡಿಸುವವನಾದನು. ಆ ಬೋವಜನ ಹೆಸರು ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿದೆ.

ಬಿಡಿಸುವವನು ಬಂಧುವಾಗಿರಬೇಕು ಎಂಬ ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕ್ರಿಸ್ಮಸ್ ಹಬ್ಬಕ್ಕೂ ಶುಭ ಶುಕ್ರವಾರಕ್ಕೂ ಇರುವ ನಂಟು ತಾನಾಗಿಯೇ ಕಾಣುತ್ತದೆ. ದೇವರ ಮಗನು ನಮ್ಮ ರಕ್ತಮಾಂಸಗಳಲ್ಲಿ ಪಾಲುಗೊಂಡನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ನಮ್ಮ ಬಂಧುವಾಗುವುದಕ್ಕಾಗಿ ಆತನು ಹುಟ್ಟಿದನು, ಬಂಧುವಾಗಿ ಬೆಲೆ ತೆತ್ತನು. ಆ ಬೆಲೆ ಬೆಳ್ಳಿಬಂಗಾರವಲ್ಲ, ಆತನ ರಕ್ತವೇ ಎಂದು ಪೇತ್ರನು ಬರೆದಿದ್ದಾನೆ. ಈ ಈಡು ಯಾರಿಗೆ ಸಂದಿತು ಎಂಬ ಬಗ್ಗೆ ಸಭೆಯ ಪಂಡಿತರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಆ ಚರ್ಚೆಯನ್ನು ನಾನು ಗೌರವಿಸುತ್ತೇನೆ, ಆದರೆ ಶಿಲುಬೆಯ ಮುಂದೆ ಮೊಣಕಾಲೂರಿದವನಿಗೆ ಅದು ಯಾರಿಂದ ಸಂದಿತು ಎಂಬುದೇ ಸಾಕಾಗುತ್ತದೆ.

ನಮ್ಮ ನಾಡಿನವರಾದ ನಮಗೆ ಈ ದಾನವನ್ನು ದಾನವಾಗಿಯೇ ಸ್ವೀಕರಿಸುವುದು ಸುಲಭವಲ್ಲ. ಹರಕೆ ನಮ್ಮ ಭಕ್ತಿಯ ಉಸಿರಿನಲ್ಲಿಯೇ ಬೆರೆತಿದೆ. ಕಾರ್ಕಳದ ಬಳಿ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯಲ್ಲಿ ಜನವರಿಯ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಮೇಣದಬತ್ತಿ ಹಚ್ಚುವವರಲ್ಲಿ ಕ್ರೈಸ್ತರೂ ಇದ್ದಾರೆ, ಇತರರೂ ಇದ್ದಾರೆ; ಮಗುವಿನ ಕಾಯಿಲೆ ವಾಸಿಯಾದದ್ದಕ್ಕೆ ತಾಯಿಯೊಬ್ಬಳು ಅಲ್ಲಿ ಸಲ್ಲಿಸುವ ಕೃತಜ್ಞತೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಕೃತಜ್ಞತೆಯಾಗಿ ಸಲ್ಲುವ ಹರಕೆ ಸುಂದರವಾದದ್ದು. ಕಷ್ಟ ಬರುವುದು ಅದೇ ಹರಕೆ ಲೆಕ್ಕವಾಗಿ ತಿರುಗಿದಾಗ, ನಾನು ಇಷ್ಟು ಮಾಡಿದ್ದೇನೆ, ಇನ್ನು ದೇವರು ಇಷ್ಟು ಕೊಡಲೇಬೇಕು ಎಂಬ ಭಾವ ಒಳಗೆ ಮೊಳೆತಾಗ. ಬೂದಿ ಬುಧವಾರದಿಂದ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನಗಳಾಗುವ ಶ್ರಮೆಯ ಕಾಲದಲ್ಲಿ ಮಾಂಸವನ್ನು ಬಿಟ್ಟು, ಉಪವಾಸವಿದ್ದು, ಉಳಿಸಿದ ಹಣವನ್ನು ಬಡವರಿಗೆ ಕೊಟ್ಟು ಬಂದವರು ಶುಭ ಶುಕ್ರವಾರದ ಆರಾಧನೆಯಲ್ಲಿ ಕುಳಿತಾಗ, ಏನನ್ನೂ ಬಿಡದ, ಏನನ್ನೂ ಕೊಡದ ಒಬ್ಬ ಅಪರಾಧಿ ತಮಗಿಂತ ಮೊದಲು ಪರದೈಸಿಗೆ ಕರೆಸಿಕೊಂಡದ್ದನ್ನು ಕೇಳಬೇಕಾಗುತ್ತದೆ. ರಕ್ಷಣೆಯು ದೇವರ ವರ, ಹೊಗಳಿಕೊಳ್ಳುವುದಕ್ಕೆ ಯಾರಿಗೂ ಆಸ್ಪದವಿಲ್ಲ ಎಂದು ಎಫೆಸದವರಿಗೆ ಬರೆದ ಪತ್ರಿಕೆಯ ವಾಕ್ಯವನ್ನು ಬಾಯಿಪಾಠ ಮಾಡಿದವರಿಗೂ ಆ ಗಳಿಗೆಯಲ್ಲಿ ಎಲ್ಲೋ ಒಂದು ಮುಳ್ಳು ಚುಚ್ಚುತ್ತದೆ.

ಯೇಸುವಿಗೆ ಈ ಮುಳ್ಳು ಗೊತ್ತಿತ್ತು. ದ್ರಾಕ್ಷೇತೋಟದ ಸಾಮ್ಯದಲ್ಲಿ ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆ ಒಂದು ತಾಸು ಮಾತ್ರ ದುಡಿದವರಿಗೂ ಯಜಮಾನನು ಒಂದೇ ಕೂಲಿ ಕೊಡುತ್ತಾನೆ, ಮೊದಲಿನವರು ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ದುಡಿಮೆಯ ಅಳತೆಯಿಂದ ನೋಡಿದರೆ ಅದು ಸಹಜವೇ. ಆದರೆ ಆ ನಾಣ್ಯ ಒಂದು ದಿನದ ಕೂಲಿ, ಸಂಜೆ ಮನೆಯಲ್ಲಿ ಒಲೆ ಹೊತ್ತಿಸಲು ಬೇಕಾದದ್ದು. ಸಂತೆಬೀದಿಯಲ್ಲಿ ದಿನವಿಡೀ ನಿಂತವನು, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಎನ್ನುತ್ತಾನೆ. ಅವನ ಮನೆಯ ಹಸಿವು ಕಡಿಮೆಯದೇನಲ್ಲ. ಯಜಮಾನನು ನೋಡಿದ್ದು ಆ ಹಸಿವನ್ನು ಎಂದು ನಾನು ನಂಬುತ್ತೇನೆ. ಬೆಳಗಿನಿಂದ ದುಡಿದವರ ಕೂಲಿಯಿಂದ ಒಂದು ಕಾಸೂ ಅವನು ಕಡಿಮೆ ಮಾಡಲಿಲ್ಲ.

ಇಷ್ಟೊಂದು ಸಲೀಸಾಗಿ ಕ್ಷಮೆ ಸಿಗುವುದಾದರೆ ಜನರು ಹೇಗೆ ಬೇಕಾದರೂ ಬದುಕಿ ಕೊನೆಯ ಗಳಿಗೆಯಲ್ಲಿ ಬೇಡಿಕೊಂಡರಾಯಿತಲ್ಲ ಎಂಬ ಪ್ರಶ್ನೆಯನ್ನು ಪೌಲನ ಕಾಲದಲ್ಲಿಯೇ ಎತ್ತಿದ್ದರು, ಅವನು ಎಂದಿಗೂ ಕೂಡದು ಎಂದು ಖಂಡಿಸಿದನು. ನನಗೆ ಇಲ್ಲಿ ನೆನಪಾಗುವವನು ಯೆರಿಕೋವಿನ ಸುಂಕದವರ ಮುಖಂಡ ಜಕ್ಕಾಯ. ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳಲು ಮೊದಲು ಮನಸ್ಸು ಮಾಡಿದನು. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವ ಮಾತು ಜಕ್ಕಾಯನ ಬಾಯಿಂದ ಬಂದದ್ದು ಆಮೇಲೆ. ಬದುಕಲು ಕಾಲವಿದ್ದವನಲ್ಲಿ ಕೃಪೆ ಹೀಗೆ ಕೈಗಳವರೆಗೆ ಇಳಿಯಿತು. ಶಿಲುಬೆಯ ಮೇಲಿದ್ದವನಿಗೆ ಉಳಿದದ್ದು ಕೆಲವೇ ತಾಸುಗಳು; ಅಷ್ಟರಲ್ಲಿಯೇ ಅವನು ತನ್ನ ತಪ್ಪನ್ನು ಒಪ್ಪಿಕೊಂಡನು, ಜೊತೆಯವನನ್ನು ಎಚ್ಚರಿಸಿದನು, ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದ ಹೊತ್ತಿನಲ್ಲಿ ಈತನು ನಿರಪರಾಧಿ ಎಂದು ಎಲ್ಲರೆದುರು ಸಾರಿದನು. ಇವು ಯಾವುವೂ ಅವನು ತೆತ್ತ ಬೆಲೆಯಲ್ಲ, ಅವನಲ್ಲಿ ಹುಟ್ಟಿದ ಫಲ.

ಈ ದಿನವೇ ಎಂಬ ಮಾತು ಹೇಗೆ ನೆರವೇರಿತು ಎಂಬುದನ್ನು ಪ್ರಸಂಗಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಶಿಲುಬೆಗೆ ಹಾಕಲ್ಪಟ್ಟವರು ದಿನಗಟ್ಟಲೆ ಜೀವ ಹಿಡಿದುಕೊಂಡು ನರಳುವುದುಂಟು. ಯೇಸು ಅಷ್ಟು ಬೇಗ ಪ್ರಾಣ ಬಿಟ್ಟದ್ದಕ್ಕೆ ರೋಮನ್ ಅಧಿಪತಿ ಪಿಲಾತನೇ ಆಶ್ಚರ್ಯಪಟ್ಟನೆಂದು ಮಾರ್ಕನು ಬರೆಯುತ್ತಾನೆ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ದೇಹಗಳು ಶಿಲುಬೆಯ ಮೇಲಿರಬಾರದೆಂಬ ಕಾರಣಕ್ಕೆ, ಬೇಗ ಸಾಯಲೆಂದು ಸಿಪಾಯಿಗಳು ಬಂದು ಉಳಿದ ಇಬ್ಬರ ಕಾಲುಗಳನ್ನು ಮುರಿದರೆಂಬುದು ಯೋಹಾನನ ಸುವಾರ್ತೆಯಲ್ಲಿದೆ. ಪರದೈಸಿನ ವಾಗ್ದಾನ ಪಡೆದವನ ಮೊಳೆಗಳು ಸಡಿಲವಾಗಲಿಲ್ಲ, ಅವನ ಕಾಲು ಮುರಿಯುವುದು ತಪ್ಪಲಿಲ್ಲ, ಮತ್ತು ಆ ಕ್ರೂರ ಹೊಡೆತದ ಮೂಲಕವೇ ಮಾತು ಕೊಟ್ಟ ಆ ದಿನ ಅವನಿಗೆ ದಕ್ಕಿತು. ವಿಮೋಚನೆಯೆಂದರೆ ಕಷ್ಟದಿಂದ ಪಾರಾಗುವುದು ಎಂದು ಪ್ರಾರ್ಥಿಸುತ್ತಾ ಬಂದ ನಾವು, ಕ್ಯಾನ್ಸರ್ ವಾರ್ಡಿನ ಹಾಸಿಗೆಯ ಪಕ್ಕದಲ್ಲಿ ಏನು ಹೇಳಬೇಕೆಂದು ತೋಚದೆ ನಿಲ್ಲುವ ನಾವು, ಇದನ್ನು ನಿಧಾನವಾಗಿ ಓದಬೇಕು. ಅವನಿಗೆ ಸಿಕ್ಕ ದಾನದ ತಿರುಳು ನನ್ನ ಸಂಗಡ ಎಂಬುದರಲ್ಲಿತ್ತು, ಅದು ನೋವಿನ ಮಧ್ಯದಲ್ಲಿಯೇ ಆರಂಭವಾಗಿತ್ತು.

ಶಿಲುಬೆಯಿಂದ ಇಳಿಸೆಂದು ಕೇಳಿದವನು ಇನ್ನೊಬ್ಬ. ನೀನು ಕ್ರಿಸ್ತನಲ್ಲವೇ, ನಿನ್ನನ್ನೂ ನಮ್ಮನ್ನೂ ರಕ್ಷಿಸು ಎಂದು ಅವನು ಹಂಗಿಸಿದನು. ಅವನಿಗೆ ಯೇಸು ಒಂದು ಗದರಿಕೆಯ ಮಾತನ್ನೂ ಆಡಲಿಲ್ಲ. ಪ್ರಸಂಗಗಳಲ್ಲಿ ಅವನನ್ನು ನಾಶವಾದವನೆಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದನ್ನು ಕೇಳಿದ್ದೇನೆ, ಆದರೆ ಲೂಕನು ಹಾಗೆ ಬರೆದಿಲ್ಲ, ಅವನ ಕೊನೆಯ ಗಳಿಗೆಯ ಬಗ್ಗೆ ಏನನ್ನೂ ಹೇಳಿಲ್ಲ. ಸಂಜೆ ಕಾಲು ಮುರಿಯುವವರೆಗೆ ಅವನೂ ಅಲ್ಲಿಯೇ ಇದ್ದನು. ಅವರಿಗೆ ಕ್ಷಮಿಸು ಎಂಬ ಪ್ರಾರ್ಥನೆ ಅವನ ಕಿವಿಗೂ ಬಿದ್ದಿತ್ತು, ತನ್ನ ಜೊತೆಯವನಿಗೆ ಸಿಕ್ಕ ಉತ್ತರವನ್ನೂ ಅವನು ಕೇಳಿದ್ದನು. ಎರಡನೆಯ ಮಾತಿನ ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಆ ಇನ್ನೊಬ್ಬನನ್ನೂ ನೆನಸಿಕೊಳ್ಳುತ್ತೇನೆ, ಕೇಳದವರಿಗಾಗಿ ಕೇಳಿಕೊಂಡ ಕರ್ತನ ಮುಂದೆ ಅವನ ಪರವಾಗಿಯೂ ಬೇಡುತ್ತೇನೆ.