ಉಪ್ಪು ಮಾರುವವನ ಹಳದಿ ಕೈ

ಕಳೆದ ಡಿಸೆಂಬರ್‌ನ ಒಂದು ಶನಿವಾರ ಸಂಜೆ ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅಕ್ಕನ ಮಗ ಕತ್ತಿ ಮಾಡುತ್ತಿದ್ದ. ಎ.ಸಿ. ರಿಪೇರಿ ಅಂಗಡಿಯವರು ತಾಮ್ರದ ಕೊಳವೆಗೆ ಹೊದಿಸುವ ಕಪ್ಪು ಫೋಮನ್ನು ತೆಳುವಾದ ಪಿವಿಸಿ ಪೈಪಿಗೆ ತೊಡಿಸಿ, ಚಪ್ಪಲಿ ರಿಪೇರಿಯವರ ಹಳದಿ ಅಂಟನ್ನು ಬೆರಳಿನಿಂದಲೇ ಸವರಿ, ತುದಿಗೆ ಮಾತ್ರ ಎರಡಂಗುಲ ಹೆಚ್ಚಿಗೆ ಫೋಮು ಬಿಟ್ಟು ಟೇಪು ಸುತ್ತಿದ. ತುದಿ ಮೆತ್ತಗಿರದಿದ್ದರೆ ಒಳಗಿನ ಪೈಪು ಒಂದಲ್ಲ ಒಂದು ದಿನ ಫೋಮನ್ನು ಸೀಳಿಕೊಂಡು ಹೊರಬರುತ್ತದೆಯಂತೆ. ಮುಗಿದ ಮೇಲೆ ಮೊದಲು ತನ್ನ ತೊಡೆಗೂ, ಆಮೇಲೆ ಅನುಮತಿ ಕೇಳಿ ನನ್ನ ಬೆನ್ನಿಗೂ ಹೊಡೆದು ನೋಡಿದ. ದಿಂಬಿನ ಏಟಿನಷ್ಟೂ ನೋಯಲಿಲ್ಲ.

"ಮಾಮ, ಮುಂದಿನ ತಿಂಗಳು ಹೊಳಲ್ಕೆರೆ ಹತ್ತಿರ ಗೆಳೆಯನ ತೋಟದಲ್ಲಿ ಆಟ ಇದೆ. ಇಪ್ಪತ್ತೆರಡು ಜನ ಬೇಕು, ಒಬ್ಬರು ಕಡಿಮೆ ಬಿದ್ದಿದ್ದಾರೆ. ನೀವು ಬರ್ತೀರಾ?" ಎಂದ.

ಆಟಕ್ಕೆ ಲಾರ್ಪ್ ಎಂದು ಹೆಸರು. ಪ್ರತಿಯೊಬ್ಬರಿಗೂ ಒಂದು ಪಾತ್ರ, ಅದಕ್ಕೊಂದು ವೇಷ, ಒಂದಿಷ್ಟು ಪೂರ್ವಕಥೆ, ಮುಚ್ಚಿಡಬೇಕಾದ ಒಂದು ಗುಟ್ಟು. ಅದರ ಮುಂದಿನದೆಲ್ಲವನ್ನೂ ಆಡುವವರೇ ಆ ಕ್ಷಣದಲ್ಲಿ ಹುಟ್ಟಿಸಿಕೊಳ್ಳಬೇಕು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕುಳಿತು ಬಾಯಿಮಾತಿನಲ್ಲೇ ಆಡುವ ಆಟ ಬಂತು. ಕೆಲವೇ ವರ್ಷಗಳಲ್ಲಿ ಜನ ಮೇಜು ಬಿಟ್ಟೆದ್ದು ಬಯಲಿಗೆ ಬಂದರು. 1977ರಲ್ಲಿ ವಾಷಿಂಗ್ಟನ್ ನಗರದ ಆಸುಪಾಸಿನಲ್ಲಿ ಡಾಗೊರ್‌ಹಿರ್ ಎಂಬ ಕಾಳಗದ ಆಟ ಶುರುವಾಯಿತು, 1982ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯೊಳಗೇ ಟ್ರೆಷರ್ ಟ್ರ್ಯಾಪ್ ಎಂಬ ಆಟ ಮೊದಲಾಯಿತು. ಇದನ್ನೆಲ್ಲ ಹುಡುಗ ಹೇಳುವಾಗ ನನಗೆ ನೆನಪಾದದ್ದು ನಮ್ಮ ಹಗಲುವೇಷದವರು. ಅವರಾದರೂ ನೋಡುವವರಿಗಾಗಿ ಬೀದಿಗೆ ಬರುತ್ತಾರೆ; ಈ ಆಟದಲ್ಲಿ ನೋಡುವವರೇ ಇಲ್ಲ, ಬಂದವರೆಲ್ಲರೂ ಆಡುವವರು.

ನಾನು ಕೂಡಲೇ ಒಪ್ಪಲಿಲ್ಲ. ನಲವತ್ತಾರರ ವಯಸ್ಸು, ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ಕೆಲಸ, ಗೊತ್ತಿದ್ದವರು ಕಂಡರೆ ಏನೆಂದಾರು ಎಂದೆಲ್ಲ ನೆಪ ಹೇಳಿದೆ. ನಿಜವಾದ ಕಾರಣ ಒಂಬತ್ತನೆಯ ತರಗತಿಯಷ್ಟು ಹಳೆಯದು. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ನನಗಿದ್ದದ್ದು ಒಂದೇ ಮಾತು: "ಮಹಾಪ್ರಭು, ಶತ್ರುಸೈನ್ಯ ಕೋಟೆಯ ಬಾಗಿಲಿಗೆ ಬಂದಿದೆ." ನಾನು ಓಡಿಬಂದು, ಎದೆಯುಬ್ಬಿಸಿ, ಕೋಟೆಯೇ ಶತ್ರುಸೈನ್ಯದ ಬಾಗಿಲಿಗೆ ಬಂದಿದೆ ಎಂದುಬಿಟ್ಟೆ. ಪರದೆಯ ಹಿಂದಿನಿಂದ ಮೇಷ್ಟ್ರು ಸರಿಯಾದ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿಕೊಟ್ಟರೆಂದರೆ ಸಭೆ ಎರಡನೆಯ ಸಲ ನಕ್ಕಿತು. ಹತ್ತನೆಯ ತರಗತಿ ಮುಗಿಯುವವರೆಗೂ ನನ್ನ ಹೆಸರು ಮಹಾಪ್ರಭು ಎಂದೇ ಆಗಿತ್ತು. ಬರೆದುಕೊಟ್ಟ ಒಂದು ವಾಕ್ಯವನ್ನೇ ಹೇಳಲಾಗದವನು ಇಡೀ ದಿನ ಬರೆಯದ ಮಾತುಗಳನ್ನು ಆಡುವುದು ಹೇಗೆ?

ಹೆಂಡತಿಯ ಸಂಶಯ ಬೇರೆಯದಾಗಿತ್ತು. "ಅಲ್ರೀ, ಅಲ್ಲಿ ಜಗಳ ಆಡೋ ಪಾತ್ರ ಕೊಟ್ಟರೆ, ಆ ಸಿಟ್ಟು ಮನೆಗೂ ಬಂದರೆ?" ಎಂದಳು. ಆಶ್ಚರ್ಯವೆಂದರೆ ಆಟದವರು ಇದನ್ನೂ ಯೋಚಿಸಿದ್ದಾರೆ. ಪಾತ್ರದ ಭಾವ ಆಡುವವನೊಳಕ್ಕೆ ಜಿನುಗುವುದಕ್ಕೆ ಅವರು ಬ್ಲೀಡ್ ಎನ್ನುತ್ತಾರೆ; ಹಾಗಾದೀತೆಂದೇ ಆಟ ಮುಗಿದ ಮೇಲೆ ವೇಷ ಕಳಚಿ, ಒಟ್ಟಿಗೆ ಕುಳಿತು ಮಾತಾಡಿ ಹೊರಡುವ ರೂಢಿಯಿದೆ. ಯಾರಾದರೂ "ಕಟ್" ಎಂದರೆ ಆಟ ನಿಂತಿತು, "ಬ್ರೇಕ್" ಎಂದರೆ ಎದುರಿನವರು ಸ್ವಲ್ಪ ಸಡಿಲಿಸಬೇಕು. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಏಟಿನ ಲೆಕ್ಕ. ತಲೆಗೆ ಹೊಡೆಯುವಂತಿಲ್ಲ, ಕೈಗೆ ಬಿದ್ದರೆ ಆ ಕೈ ಹೋಯಿತೆಂದು ಬೆನ್ನ ಹಿಂದೆ ಮಡಚಿಕೊಳ್ಳಬೇಕು, ಏಟು ಬಿತ್ತೋ ಇಲ್ಲವೋ ಎಂಬುದನ್ನು ಏಟು ತಿಂದವನೇ ಹೇಳಬೇಕು, ಹೊಡೆದವನ ಮಾತು ನಡೆಯುವುದಿಲ್ಲ. ಎಲ್‌ಬಿಡಬ್ಲ್ಯು ವಿಚಾರಕ್ಕೆ ವಾರಗಟ್ಟಲೆ ಮಾತು ಬಿಟ್ಟು ಬೆಳೆದ ನಮ್ಮ ಬೀದಿಯ ಹುಡುಗರಿಗೆ ಇದನ್ನು ಹೇಳಿದರೆ ನಂಬಲಾರರು.

ಮರುದಿನ ಬೆಳಿಗ್ಗೆ, ಬೇರೆ ಕೆಲಸವಿಲ್ಲದ್ದರಿಂದ, ಅರವತ್ತು ಕಿಲೋಮೀಟರಿನಾಚೆಯ ಚಿತ್ರದುರ್ಗಕ್ಕೆ ಇಬ್ಬರೂ ಬಸ್ಸು ಹತ್ತಿದೆವು. ಆಟದ ಕಥೆ ಒಂದು ಕಾಲ್ಪನಿಕ ಪಾಳೆಯಪಟ್ಟಿನ ಕೋಟೆಯಲ್ಲಿ ನಡೆಯುವಂಥದ್ದಾದ್ದರಿಂದ, ಕಾವಲು ಎಲ್ಲಿ ನಿಲ್ಲುತ್ತಿತ್ತು, ದಾರಿ ಹೇಗೆ ತಿರುಗುತ್ತಿತ್ತು ಎಂಬುದನ್ನು ಅವನು ಕಣ್ಣಾರೆ ನೋಡಬೇಕಿತ್ತು. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲೇ ಆಡುವ ಆಲೋಚನೆಯನ್ನು ಅವರು ಮೊದಲೇ ಕೈಬಿಟ್ಟಿದ್ದರು. ಫೋಮಿನ ಕತ್ತಿಯೂ ಮನೆಯಲ್ಲೇ ಉಳಿಯಿತು. ಏಳು ಸುತ್ತಿನ ಈ ಕೋಟೆಯಲ್ಲಿ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನೇರ ದಾರಿಯೇ ಸಿಗುವುದಿಲ್ಲ. ಆನೆಯಾಗಲಿ ಸೈನ್ಯವಾಗಲಿ ಓಡಿಬಂದ ಬಿರುಸಿನಲ್ಲೇ ಬಾಗಿಲಿಗೆ ಗುದ್ದಬಾರದೆಂದು ದಾರಿಯನ್ನು ಮುರಿದು ಮುರಿದು ತಿರುಗಿಸಿದ್ದಾರೆ. ಎಷ್ಟೋ ಸಲ ನೋಡಿದ್ದ ನನಗೂ ಅಂದು, ಇಲ್ಲಿ ನಿಂತ ಕಾವಲುಗಾರನಿಗೆ ಬರುವವನ ಹೆಜ್ಜೆಯ ಸದ್ದು ಮೊದಲು, ಮುಖ ಆಮೇಲೆ ಎಂಬುದು ಹೊಳೆಯಿತು.

ತಣ್ಣೀರು ದೋಣಿಯ ಪಕ್ಕದ ಓಬವ್ವನ ಕಿಂಡಿಯ ಹತ್ತಿರ ಯಾರೂ ಇರಲಿಲ್ಲ. ಕಹಳೆ ಊದುವ ಗಂಡನನ್ನು ಊಟಕ್ಕೆ ಕೂರಿಸಿ ನೀರು ತರಲು ಬಂದವಳು, ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತ ಜಾಗವದು. ಹುಡುಗ ಕಿಂಡಿಯ ಆಚೆಗೆ ಹೋದವನು, ಏನನ್ನೂ ಹೇಳದೆ, ದನಿ ಬದಲಿಸಿ ಕೂಗಿದ: "ಒಡೆಯಾ, ಉಪ್ಪು ಮಾರುವವನು. ಎತ್ತು ಕುಂಟಿತು, ಹೊತ್ತಾಯಿತು. ಒಳಗೆ ಬಿಡಿ."

ನಾನು ನಗಬೇಕೆಂದಿದ್ದೆ. ಆದರೆ ಬಾಯಿಯಿಂದ ಬಂದದ್ದು, "ಯಾರು ನೀನು? ಯಾವ ಊರು? ಯಾರ ಮನೆಯವನು?"

ಅದು ಅಪ್ಪನ ದನಿ. ನಮ್ಮೂರ ಬಯಲಾಟದಲ್ಲಿ ಅಪ್ಪ ಸಾರಥಿಯಾಗುತ್ತಿದ್ದರು. ರಂಗಕ್ಕೆ ಬಂದ ಪ್ರತಿ ಪಾತ್ರವನ್ನೂ ನಿಲ್ಲಿಸಿ ಹೆಸರು, ಊರು, ಬಂದ ಕಾರಣ ಕೇಳುವುದು ಸಾರಥಿಯ ಕೆಲಸ. ಆ ಪ್ರಶ್ನೆಗಳ ಏರಿಳಿತ ನನ್ನೊಳಗೆ ಇಷ್ಟು ವರ್ಷ ಎಲ್ಲಿತ್ತೋ ತಿಳಿಯದು.

"ಉಪ್ಪಿನ ಚೀಲ ಎಲ್ಲಿ?"

"ಕೆಳಗಿನ ಬಾಗಿಲಲ್ಲಿ ಇಳಿಸಿದ್ದೇನೆ, ಒಡೆಯಾ."

"ಕೈ ತೋರಿಸು."

ಕಿಂಡಿಯೊಳಗಿಂದ ಎರಡು ಕೈ ಬಂದವು. ಬೆರಳ ಸಂದಿನಲ್ಲೆಲ್ಲ ಹಿಂದಿನ ಸಂಜೆಯ ಅಂಟು ಒಣಗಿ ಪದರವಾಗಿತ್ತು. "ಉಪ್ಪು ಮಾರುವವನ ಕೈ ಇಷ್ಟು ಹಳದಿ ಯಾಕೆ?" ಎಂದೆ.

ಒಂದು ಕ್ಷಣವೂ ತಡೆಯದೆ ಉತ್ತರ ಬಂತು: "ಅರಿಶಿನವನ್ನೂ ಮಾರುತ್ತೇನೆ, ಒಡೆಯಾ."

ಹೀಗೆ ಹತ್ತು ನಿಮಿಷ ನಡೆದಿರಬೇಕು. ಅರಿಶಿನದ ದರ ಕೇಳಿದೆ, ಎತ್ತಿನ ಯಾವ ಕಾಲು ಕುಂಟಿತೆಂದು ಕೇಳಿದೆ, ಲಂಚ ಕೊಡಲು ಬಂದಾಗ ಎಷ್ಟು ಎಂದೂ ಕೇಳಿಬಿಟ್ಟೆ. ಅಷ್ಟರಲ್ಲಿ ಮೇಲಿನಿಂದ ಪ್ರವಾಸಿಗಳ ಒಂದು ಕುಟುಂಬ ಇಳಿದು ಬಂದು ನಮ್ಮ ಪಕ್ಕ ನಿಂತಿತು. ಅವರಲ್ಲೊಬ್ಬರು ಮೊಬೈಲ್ ಎತ್ತಿದರು. ನನ್ನ ನಾಲಿಗೆ ಒಣಗಿತು. ಕೈಗಡಿಯಾರ ನೋಡಿಕೊಂಡು, "ಬಸ್ಸಿಗೆ ಹೊತ್ತಾಯಿತು, ಬಾರೋ" ಎಂದೆ. ಆ ಕ್ಷಣದಲ್ಲಿ ನಾನು ಪುನಃ ಒಂಬತ್ತನೆಯ ತರಗತಿಯ ಮಹಾಪ್ರಭು.

ವಾಪಸಾಗುವಾಗ ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ತೋಟಕ್ಕೆ ಸುಮ್ಮನೆ ನೋಡಲೆಂದು ಯಾರಾದರೂ ಬರುತ್ತಾರೆಯೇ? ಯಾರೂ ಇಲ್ಲ, ಅಡುಗೆಯವರಿಗೂ ಪಾತ್ರ ಕೊಟ್ಟಿದ್ದೇವೆ, ಫೋಟೋ ತೆಗೆಯುವಂತಿಲ್ಲ ಎಂದ.

ಆ ರಾತ್ರಿ ಅವನು ಕಳಿಸಿದ ಫಾರಂ ತುಂಬಿದೆ. ಉಬ್ಬಸ, ಬಿ.ಪಿ. ಇದೆಯೇ ಎಂಬುದಕ್ಕೆ ಇಲ್ಲ. ಆಟದಲ್ಲಿ ಬೇಡವಾದದ್ದು ಏನು ಎಂಬುದಕ್ಕೆ, ಯಾರೂ ಮಾತು ಹೇಳಿಕೊಡಬಾರದು ಎಂದು ಬರೆದೆ. ಬೇಕಾದ ಪಾತ್ರ: ಬಾಗಿಲ ಕಾವಲುಗಾರ. ಒಂದೇ ಒಂದು ಅನುಮಾನ ಉಳಿದಿತ್ತು, ಅದಕ್ಕೆ ಫೋನು ಮಾಡಿದೆ: ಕನ್ನಡಕವಿಲ್ಲದೆ ನನಗೆ ಎದುರಿನವರ ಮುಖ ಕಾಣುವುದಿಲ್ಲ, ದಾರ ಕಟ್ಟಿ ಹಾಕಿಕೊಳ್ಳಬಹುದೇ?

"ಹಾಕ್ಕೊಳ್ಳಿ ಮಾಮ," ಎಂದ. "ಆದರೆ ಅದು ಕಾವಲುಗಾರನಿಗೆ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ಉತ್ತರ ಮಾತ್ರ ನಿಮ್ಮದೇ."